ಊರುಗೋಲು ಕೊಟ್ಟ ಅಳತೆ: ನನ್ನ 57 ಇಂಚಿನ ಪ್ಯಾಡಲ್

ವೈಟ್‌ವಾಟರ್ ಕನೂ, ಅಂದರೆ ನೊರೆಯೆದ್ದು ಹರಿಯುವ ನದಿಯಲ್ಲಿ ಮಂಡಿಯೂರಿ ನಡೆಸುವ ದೋಣಿ ಹೊಡೆಯುವವರನ್ನು, ಪ್ಯಾಡಲ್ (ಹುಟ್ಟು) ಎಷ್ಟುದ್ದ ಇರಬೇಕು ಅಂತ ಕೇಳಿ ನೋಡಿ. ಥಟ್ಟನೆ ಒಂದು ನಂಬರ್ ಹೇಳ್ತಾರೆ. 58 ತಗೋ, 60 ತಗೋ. ಯಾಕೆ ಅಂದರೆ, ‘ನಾನು ಅದನ್ನೇ ಹೊಡೆಯೋದು’ ಅನ್ನೋದೇ ಉತ್ತರ. ಅಟ್ಲಾಂಟಾದಲ್ಲಿ ನೌಕರಿ, ವಾರಾಂತ್ಯಕ್ಕೆ ನಾಂಟಹೇಲ ಇಲ್ಲವೇ ಓಕೋಯಿ ನದಿ. ಹೀಗೆ ಕೆಲವು ವರ್ಷ ಈ ನಂಬರ್‌ಗಳ ಹಿಂದೆ ದುಡ್ಡು ಸುರಿದೆ. ಈಗ 57 ಇಂಚಿಗೆ ಬಂದು ನಿಂತಿದ್ದೇನೆ. ನಂಬರ್ ನನ್ನದು, ನಿಮಗೆ ಬೇಡ. ಅದು ಸಿಕ್ಕ ದಾರಿ ಮಾತ್ರ ಬೇಕಾದರೆ ತಗೊಳ್ಳಿ.

ಮೊದಲು ಕೊಂಡದ್ದು 60 ಇಂಚಿನ ಮರದ್ದು. ಅಂಗಡಿಯವರು ನನ್ನನ್ನು ನೆಟ್ಟಗೆ ನಿಲ್ಲಿಸಿ, ಗದ್ದಕ್ಕೂ ಮೂಗಿಗೂ ನಡುವೆ ಹಿಡಿಕೆ ಬಂತು, ಸರಿ ಅಂದರು. ಸುಮಾರು 190 ಡಾಲರ್. ನನ್ನ ಎತ್ತರ 5 ಅಡಿ 7 ಇಂಚು, ಅದರಲ್ಲಿ ಕಾಲೇ ಜಾಸ್ತಿ, ಮುಂಡ ಗಿಡ್ಡ. ದೋಣಿಯಲ್ಲಿ ಆ ಕಾಲು ಮಡಚಿ ಸ್ಯಾಡಲ್‌ನ (ಕೂರುವ ಫೋಮ್ ದಿಂಡಿನ) ಎರಡೂ ಬದಿಗೆ ಹೋಗುತ್ತೆ ಅಲ್ವಾ? ಮಡಚಿಟ್ಟ ಕಾಲಿಗೂ ಸೇರಿಸಿ ಪ್ಯಾಡಲ್ ಕೊಟ್ಟ ಹಾಗಾಯಿತು. ಓಕೋಯಿಯಲ್ಲಂತೂ ದೋಣಿ ಇಳಿಸಿದ ಕೂಡಲೇ ನೊರೆಗಟ್ಟಿ ಧುಮುಕುವ ಗ್ರಂಪೀಸ್ ರ‍್ಯಾಪಿಡ್, ಮೈ ಬಿಸಿ ಆಗೋಕೂ ಸಮಯ ಇಲ್ಲ. ಬ್ಲೇಡ್ (ತುದಿಯ ಅಗಲ ಹಲಗೆ) ಪೂರ್ತಿ ಮುಳುಗಿಸಿದರೆ ಮೇಲಿನ ಕೈ ಹಣೆ ದಾಟಿ ಹೋಗ್ತಿತ್ತು. ಹೈ ಬ್ರೇಸ್ ಹಾಕಿದಾಗಲೆಲ್ಲ (ಮಗುಚದಂತೆ ಪ್ಯಾಡಲನ್ನು ನೀರಿಗೆ ಆನಿಸೋದು) ಭುಜ ಚುಳಕ್ ಅನ್ನೋದು. ಆ ಬೇಸಿಗೆ ಫಿಸಿಯೋಥೆರಪಿಗೆ ಹೋದಾಗೆಲ್ಲ, ವಿಮೆ ಇದ್ದರೂ, ಕೈಯಿಂದ 40 ಡಾಲರ್ ಕೋ-ಪೇ. ಲೆಕ್ಕ ಹಾಕಿದರೆ ಪ್ಯಾಡಲ್‌ಗಿಂತ ಭುಜಕ್ಕೇ ಜಾಸ್ತಿ ಬಿತ್ತು.

ಎರಡನೆಯದು ಕಾರ್ಬನ್, 58 ಇಂಚು, ಸೆಕೆಂಡ್ ಹ್ಯಾಂಡ್, 220 ಡಾಲರ್ ಇರಬೇಕು. ಸ್ಲಾಲಂ ಸಿ-1 (ನೇತುಹಾಕಿದ ಕಂಬಗಳ ನಡುವೆ ನುಗ್ಗುವ ರೇಸಿನ ಒಂಟಿ ಕನೂ) ಹೊಡೆಯುವವರೊಬ್ಬರು ಶಿಫಾರಸು ಮಾಡಿದ್ದು. 1996ರ ಒಲಿಂಪಿಕ್ ಸ್ಲಾಲಂ ನಡೆದದ್ದು ಓಕೋಯಿಯ ಮೇಲ್ಭಾಗದಲ್ಲೇ, ಹಾಗಾಗಿ ಇಲ್ಲಿ ಸ್ಲಾಲಂನವರ ಮಾತಿಗೆ ತೂಕ. ಆದರೆ ಅವರ ದೋಣಿ ಮುಚ್ಚಿದ್ದು, ತೆಳ್ಳಗಿನದು, ಕೂರೋದು ನೀರಿಗೆ ಹತ್ತಿರ. ನನ್ನದು ರಾಯಲೆಕ್ಸ್ ಅನ್ನೋ ಪ್ಲಾಸ್ಟಿಕ್‌ನ ಹಳೇ ತೆರೆದ ಕನೂ, ಅಗಲ ಜಾಸ್ತಿ, ಗನಲ್ (ದೋಣಿಯ ಮೇಲಂಚು) ಎತ್ತರ. (2014ರಲ್ಲಿ ರಾಯಲೆಕ್ಸ್ ತಯಾರಿಕೆಯೇ ನಿಂತಿತು. ಅಂಥ ದೋಣಿ ಕೈಗೆ ಸಿಕ್ಕರೆ ಬಿಡಬೇಡಿ.) ಅವರ ಅಳತೆ ನನಗೆ ಹೇಗೆ ಹೊಂದೀತು? ಇನ್ನೊಂದು ತೊಂದರೆ, ಆ 58ರಲ್ಲಿ ಬ್ಲೇಡೇ ಸಣ್ಣದು. ಅಂದರೆ ಶಾಫ್ಟ್ (ಕೋಲಿನ) ಭಾಗ ಹಳೇ 60ರಷ್ಟೇ ಉದ್ದ! ಒಟ್ಟು ಉದ್ದ ಕಡಿಮೆ ಆಗಿತ್ತು, ಮೇಲಿನ ಕೈ ಮಾತ್ರ ಇದ್ದಲ್ಲೇ ಇತ್ತು. ಅದನ್ನು ಅರ್ಧ ಬೆಲೆಗೆ ಮಾರಿದೆ.

ಆಗಲೇ ನಾನು ಒಟ್ಟು ಉದ್ದ ನೋಡೋದನ್ನು ಬಿಟ್ಟಿದ್ದು. ಹಿಡಿಕೆಯ ತುದಿಯಿಂದ ಬ್ಲೇಡ್ ಶುರುವಾಗುವ ಕತ್ತಿನವರೆಗೆ ಎಷ್ಟು? ಅಷ್ಟೇ ಬೇಕಾದದ್ದು. ಬ್ಲೇಡ್ ಹೇಗೂ ನೀರಿನೊಳಗೆ, ಮೇಲಿನ ಕೈ ಮೂಗಿನ ಮಟ್ಟದಲ್ಲಿ.

ಅಳೆದದ್ದು ಗ್ಯಾರೇಜಿನಲ್ಲಿ ಅಲ್ಲ, ನೀರಿನ ಮೇಲೆ. ದೋಣಿ ತೇಲಿಸೋ ಏರ್‌ಬ್ಯಾಗ್, ಹಗ್ಗ, ಊಟದ ಡಬ್ಬ ಎಲ್ಲ ತುಂಬಿ, ಲೈಫ್ ಜಾಕೆಟ್ ಹಾಕಿಕೊಂಡು ಮಂಡಿಯೂರಿ ಕೂತೆ. ಹೆಂಡತಿ ದಡದಿಂದ ಕೈ ಚಾಚಿ, ನನ್ನ ಮೂಗಿನ ಮಟ್ಟದಿಂದ ನೀರಿಗೆ ಟೇಪ್ ಇಳಿಸಿದಳು. 34½ ಇಂಚು ಬಂತು. ಕ್ಲಬ್ಬಿನ ಹಿರಿಯರೊಬ್ಬರು ನೋಡಿ ಜೋರಾಗಿ ನಕ್ಕರು, ದರ್ಜಿ ಅಂಗಡಿ ಹಾಕಿದೀಯಾ ಅಂತ. ಪ್ಯಾಡಲ್ ಕೈಗೆ ತಾನೇ ಒಗ್ಗುತ್ತೆ, ಅಳತೆ ಎಲ್ಲ ಸುಮ್ನೆ ಅನ್ನೋದು ಅವರ ವಾದ.

ಆದರೆ 34½ ಅನ್ನೋದು ನಿಂತ ನೀರಿನ ಲೆಕ್ಕ. ನೊರೆ ನೀರಲ್ಲಿ ಬ್ಲೇಡ್ ಇನ್ನೂ ಒಳಗೆ ಹೋಗಬೇಕು, ಕೋಲೂ ಸ್ವಲ್ಪ ಓರೆಯಾಗೇ ಇರುತ್ತೆ. ಎಷ್ಟು ಸೇರಿಸಬೇಕು? ಒಂದೊಂದು ಇಂಚಿಗೆ ಒಂದೊಂದು ಪ್ಯಾಡಲ್ ಕೊಳ್ಳೋಕಾಗಲ್ಲ. ಅದಕ್ಕೇ ಉದ್ದ ಬದಲಿಸಬಲ್ಲ ಒಂದನ್ನು ನಾನೇ ಮಾಡಿಕೊಂಡೆ.

35 ಡಾಲರಿನ ಅಲ್ಯೂಮಿನಿಯಂ ಪ್ಯಾಡಲ್, ಪ್ಲಾಸ್ಟಿಕ್ ಬ್ಲೇಡ್‌ನದು. ಟಿ-ಗ್ರಿಪ್ (ಮೇಲ್ತುದಿಯ ಹಿಡಿಕೆ) ಕಿತ್ತು, ಕೊಳವೆಯನ್ನು ಐದಾರು ಇಂಚು ಕತ್ತರಿಸಿ, ಒಳಗೆ ಮರದ ದಂಡ ತೂರಿಸಿ ಹೋಸ್ ಕ್ಲಾಂಪ್ ಬಿಗಿದೆ. ಅರ್ಧ ಗಂಟೆಯಲ್ಲಿ ಮರ ನೀರು ಕುಡಿದು ಉಬ್ಬಿ ಒಳಗೇ ಕಚ್ಚಿಕೊಂಡಿತು. ಒಣಗಿದ ಮೇಲೆ ಸುತ್ತಿಗೆಯಲ್ಲಿ ಬಡಿದು ತೆಗೆಯಬೇಕಾಯಿತು. ಬದಲಿಗೆ ಲೋಹದ ಕೊಳವೆ ಹಾಕಿದೆ. ಅದು ಜಾರಲಿಲ್ಲ, ತಿರುಗಿತು. ಪ್ರೈ ಹಾಕಿದರೆ (ದೋಣಿಯ ಅಂಚಿಗೆ ಆನಿಸಿ ಮೀಟಿದರೆ) ಹಿಡಿಕೆ ಒಂದು ಕಡೆ, ಬ್ಲೇಡ್ ಒಂದು ಕಡೆ.

ಕೊನೆಗೆ ಕೈ ಹಿಡಿದದ್ದು ಊರುಗೋಲು. ಹಳೇ ಸಾಮಾನಿನ ಅಂಗಡಿಯಲ್ಲಿ 6 ಡಾಲರಿಗೆ ಅಲ್ಯೂಮಿನಿಯಂ ಊರುಗೋಲು ಸಿಕ್ಕಿತು. ಅದರ ಕೆಳಗಿನ ಕಾಲಲ್ಲಿ ಇಂಚಿಗೊಂದು ತೂತು, ಸ್ಪ್ರಿಂಗ್ ಗುಂಡಿ ಒತ್ತಿ ಉದ್ದ ಬದಲಿಸೋದು. ಅದನ್ನು ಕತ್ತರಿಸಿ, ಟೇಪ್ ಸುತ್ತಿ, ಪ್ಯಾಡಲ್ ಕೊಳವೆಗೆ ಕೂರಿಸಿದೆ. ಟೇಪ್ ಎಷ್ಟು ಸುತ್ತು, ಯಾವುದು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. 55ರಿಂದ 60ರವರೆಗೆ ಒಂದೇ ಕೋಲಿನಲ್ಲಿ ಬಂತು.

ಪರೀಕ್ಷೆ ನಡೆದದ್ದು ನಾಂಟಹೇಲದಲ್ಲಿ, ಪ್ಯಾಟನ್ಸ್ ರನ್ ಅನ್ನೋ ರ‍್ಯಾಪಿಡ್ ದಾಟಿದ ನಂತರದ ಎಡ್ಡಿಗಳಲ್ಲಿ (ಬಂಡೆ ಮರೆಯಲ್ಲಿ ನೀರು ಹಿಂದಕ್ಕೆ ಸುತ್ತುವ ಜಾಗ). ಅಲ್ಲಿ ಬರೋದು ಅಣೆಕಟ್ಟಿನ ಹಿಂದಿನ ಆಳದ ನೀರು, ಬೇಸಿಗೆಯಲ್ಲೂ ಬೆರಳು ಮರಗಟ್ಟುತ್ತೆ. ಗುಂಡಿ ಒತ್ತೋದೇ ಒಂದು ಸಾಹಸ. ಒಂದು ಎಡ್ಡಿಯಿಂದ ಮೇಲಿನ ಎಡ್ಡಿಗೆ ಪ್ರವಾಹದ ಎದುರು ಹತ್ತೋದು, ಗೆಳೆಯ ಫೋನಿನಲ್ಲಿ ಟೈಮ್ ಹಿಡಿಯೋದು. 60ರಲ್ಲಿ 22-23 ಸೆಕೆಂಡ್. 58ರಲ್ಲಿ 20ರ ಆಸುಪಾಸು. 57ರಲ್ಲಿ 19. 55ಕ್ಕೆ ಇಳಿಸಿದರೆ ಮತ್ತೆ 21, ಯಾಕೆಂದರೆ ಬ್ಲೇಡ್ ಮುಳುಗಿಸೋಕೆ ಗನಲ್ ಮೇಲೆ ಬಾಗಬೇಕು, ದೋಣಿ ವಾಲುತ್ತೆ. 57ರ ನಿಜವಾದ ಲಾಭ ಕಂಡದ್ದು ಕ್ರಾಸ್ ಫಾರ್ವರ್ಡ್‌ನಲ್ಲಿ, ಅಂದರೆ ಕೈ ಬದಲಿಸದೆ ಇನ್ನೊಂದು ಬದಿಗೆ ಹುಟ್ಟು ಹಾಕುವಾಗ. ಬ್ಲೇಡ್ ಎತ್ತಿ ದೋಣಿಯ ಮೂತಿ ದಾಟಿಸುವಾಗ ಎಲ್ಲೂ ತಾಗಲಿಲ್ಲ. ಶಾಫ್ಟ್ 36, ಬ್ಲೇಡ್ 21. ಅಂದರೆ ಮೂಗಿನ ಅಳತೆಗೆ ಒಂದೂವರೆ ಇಂಚು ಸೇರಿತು.

ಗೆಳೆಯ ನನ್ನಷ್ಟೇ ಎತ್ತರ, ಆದರೆ ಮುಂಡ ಉದ್ದ. ಅವನಿಗೆ 59 ಕೂತಿತು. ನಿಂತು ಅಳೆಯುವವರು ಇದಕ್ಕೇನು ಹೇಳ್ತಾರೋ.

ಹಾಗೇ ಇನ್ನೊಂದಷ್ಟು ನೋಡಿದೆ. ಸ್ಯಾಡಲ್ ಒಂದು ಇಂಚು ಕೆತ್ತಿ ತಗ್ಗಿಸಿದೆ. ದೋಣಿ ಗಟ್ಟಿಯಾಗಿ ಕೂತಿತು, ಪ್ಯಾಡಲ್ 56 ಕೇಳಿತು, ಮಂಡಿ ಮಾತ್ರ ಅತ್ತಿತು. ಮತ್ತೆ ಫೋಮ್ ಅಂಟಿಸಿದೆ. ಊರಿಗೆ ಬಂದಾಗ ಈ ಊರುಗೋಲು ಪ್ಯಾಡಲ್ ಬಿಚ್ಚಿ ಸೂಟ್‌ಕೇಸಿನಲ್ಲೇ ತಂದೆ. ಇಡೀ ಪ್ಯಾಡಲ್ ಆದರೆ ವಿಮಾನದವರ 62 ಇಂಚಿನ ಒಟ್ಟಳತೆ (ಉದ್ದ, ಅಗಲ, ಎತ್ತರ ಕೂಡಿದ್ದು) ಮೀರುತ್ತೆ. ದಾಂಡೇಲಿ ಹತ್ತಿರ ಗಣೇಶಗುಡಿಯಲ್ಲಿ ಸೂಪಾ ಡ್ಯಾಮಿನ ನೀರು ಬಿಟ್ಟ ಹೊತ್ತಿಗೆ ರಾಫ್ಟ್ ಹತ್ತಿದೆ. ಗೈಡ್ ಹುಡುಗ ತೂತುಗಳನ್ನು ನೋಡಿ, ‘ಅಣ್ಣಾ, ಕಾಲು ಮುರ್ಕೊಂಡಿದ್ರಾ?’ ಅಂದ. ರಾಫ್ಟಿನ ಅಂಚಿನ ಮೇಲೆ ಕೂತರೆ ನೀರು ಕೆಳಗೆ, ಅಲ್ಲಿ 57 ಗಿಡ್ಡವೇ. ಪೂರ್ತಿ 60ಕ್ಕೆ ಎಳೆದ ಮೇಲೆ ಸರಿಯಾಯಿತು. ಕೂರುವ ಎತ್ತರವೇ ಎಲ್ಲ ಅನ್ನೋದಕ್ಕೆ ಇನ್ನೇನು ಬೇಕು?

ಇಬ್ಬರು ಹೊಡೆಯುವ ಟ್ಯಾಂಡಂನಲ್ಲಿ ಹೆಂಡತಿಗೆ ಮುಂದೆ 54, ನನಗೆ ಹಿಂದೆ 59. ಹಿಂದಿನವನಿಗೆ ಪ್ರೈ ಹಾಕೋಕೆ ಉದ್ದ ಬೇಕು. ಹೈವಾಸಿ ನದಿಯಲ್ಲಿ ಇದು ಚೆನ್ನಾಗಿ ನಡೆಯುತ್ತೆ. ಓಕೋಯಿಗೆ ಜೋಡಿಯಾಗಿ ಬರೋಲ್ಲ ಅಂತ ಅವಳು ಖಡಾಖಂಡಿತವಾಗಿ ಹೇಳಿದ್ದಾಳೆ.

ನಕ್ಕ ಹಿರಿಯರು ಹೋದ ವರ್ಷ ಊರುಗೋಲು ಕೇಳಿ ತಗೊಂಡು ಹೋದರು. ಎರಡು ವಾರ ಕೊಡಲಿಲ್ಲ. ಈಗ ಅವರ ಪ್ಯಾಡಲ್ ಎರಡು ಇಂಚು ಗಿಡ್ಡ.

ಮಾಡಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಇದು ಅಳತೆಗೆ ಮಾತ್ರ, ಕ್ಲಾಸ್ 2 (ಸುಲಭದ ರ‍್ಯಾಪಿಡ್) ದಾಟಿಸಬೇಡಿ. ಗುಂಡಿ ಇರುವ ತೂತಿನ ಹತ್ತಿರವೇ ಕೊಳವೆ ಬಾಗುತ್ತೆ, ನನ್ನದು ಬಾಗಿದೆ. ಅಳತೆ ಸಿಕ್ಕ ಮೇಲೆ ಮರದ್ದೊಂದು ಮಾಡಿಸಿ. ನನ್ನದಕ್ಕೆ 230 ಡಾಲರ್ ಆಯಿತು. ಆರ್ಡರ್ ಕೊಡುವಾಗ ಬರೀ ‘57’ ಅಂತ ಬರೆಯಬೇಡಿ. ಶಾಫ್ಟ್ ಎಷ್ಟು, ಬ್ಲೇಡ್ ಎಷ್ಟು, ಬೇರೆ ಬೇರೆ ಬರೆದು ಕೊಡಿ. ಟಿ-ಗ್ರಿಪ್ಪನ್ನು ಹೆಬ್ಬೆರಳಿಗೆ ತಕ್ಕಂತೆ ನಾನೇ ಓರೆಯಾಗಿ ತೀಡಿಕೊಂಡಿದ್ದೇನೆ. ಎಷ್ಟು ಓರೆ ಅಂತ ಬರೆಯೋಲ್ಲ. ನಾಂಟಹೇಲಕ್ಕೆ ಬಂದರೆ ಕೈಗೆ ಕೊಡ್ತೀನಿ, ಹಿಡಿದು ನೋಡಿ.