ಹೋಟೆಲ್ ಅಡುಗೆಮನೆಯ ಜಿರಳೆ: ಮೊದಲು ಅಡಗುತಾಣ, ಆಮೇಲೆ ಮದ್ದು

ರಾತ್ರಿ ಹೋಟೆಲ್ ಮುಚ್ಚಿ ದೀಪ ಆರಿಸಿ. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಿಡಿದು ಒಳಗೆ ಹೋಗಿ, ಓಡುವ ಜಿರಳೆ ಯಾವ ಸಂದಿಗೆ ನುಗ್ಗುತ್ತದೆ ನೋಡಿ. ಅಲ್ಲಿಯವರೆಗೆ ಸ್ಪ್ರೇ ಡಬ್ಬ ಮುಟ್ಟಲೇಬೇಡಿ. ಸ್ಪ್ರೇ ಹೊಡೆದರೆ ಎದುರಿಗಿದ್ದ ನಾಲ್ಕು ಸಾಯುತ್ತವೆ, ಉಳಿದವು ಸ್ಟೋರ್ ರೂಮಿಗೆ ಚದುರುತ್ತವೆ. ಮೊಟ್ಟೆಚೀಲದ ಒಳಗೆ ಮದ್ದು ಸರಿಯಾಗಿ ಇಳಿಯುವುದಿಲ್ಲ. ಅಡುಗೆಮನೆಯ ಸಣ್ಣ ಜಿರಳೆಯ ಒಂದೊಂದು ಚೀಲದಲ್ಲೂ 30-40 ಮೊಟ್ಟೆ ಇರುತ್ತವೆ.

ಜಾತಿ ಗುರುತಿಸುವುದು ಮುಖ್ಯ. ಅರ್ಧ ಇಂಚಿನ ಕಂದು ಮೈ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇದ್ದರೆ ಅದು ಜರ್ಮನ್ ಜಿರಳೆ, ಒಳಗೇ ಸಂಸಾರ ಹೂಡಿದೆ. ಒಂದೂವರೆ ಇಂಚಿನ ಕೆಂಗಂದು ಜಿರಳೆ ಸಾಮಾನ್ಯವಾಗಿ ಮೋರಿಯಿಂದ ಬಂದದ್ದು. ಅದಕ್ಕೆ ಮೋರಿ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಮತ್ತು ಸದಾ ನೀರು ನಿಂತಿರುವ ಟ್ರ್ಯಾಪ್ (ಪೈಪಿನ ಬಾಗಿದ ಭಾಗ) ಸಾಕು.

ಜರ್ಮನ್ ಜಿರಳೆಗೆ ಎಂಟು-ಹತ್ತು ಅಂಟು ಬಲೆ ತನ್ನಿ. ನಂಬರ್ ಬರೆದು ಗೋಡೆಗೆ ತಾಗಿಸಿ ಇಡಿ: ಫ್ರಿಜ್ ಹಿಂದೆ, ಗ್ರೈಂಡರ್ ಅಡಿ, ಸಿಂಕ್ ಕೆಳಗೆ. ಅರ್ಧ ಅಡಿ ಈಚೆಗಿಟ್ಟರೂ ಪ್ರಯೋಜನ ಕಡಿಮೆ, ಏಕೆಂದರೆ ಅವು ಅಂಚು ಹಿಡಿದೇ ಓಡಾಡುತ್ತವೆ. ಹಿಟ್ಟಿನ ಧೂಳು, ಇಡ್ಲಿ ಪಾತ್ರೆಯ ಹಬೆ ತಾಗಿದರೆ ಅಂಟು ಸಾಯುತ್ತದೆ. ಮೂರು ರಾತ್ರಿ ಬಿಟ್ಟು ಎಣಿಸಿ. ರೆಕ್ಕೆಯಿಲ್ಲದ ಮರಿಗಳೇ ಹೆಚ್ಚು ಸಿಕ್ಕ ಬಲೆಯ ಹತ್ತಿರವೇ ಗೂಡು. ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆ ಬಿಡಿಸಿ: ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳಿದ್ದರೆ ಅದು ಜಿರಳೆಯ ಹಿಕ್ಕೆ.

ಈಗ ಕೆಲಸ. ಪ್ಲಗ್ ಕಿತ್ತು, ಫ್ರಿಜ್ ಮೋಟಾರಿನ ಜಾಗವನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ; ಆ ಚೀಲವನ್ನು ಕೂಡಲೇ ಬಿಗಿಯಾಗಿ ಕಟ್ಟಿ ಹೊರಗೆ ಹಾಕಿ. ಗ್ರೈಂಡರ್ ಅಡಿಯ ಒಣಗಿದ ಹಿಟ್ಟು, ಒಲೆ ಹಿಂದಿನ ಜಿಡ್ಡು ಕೆರೆದು ತೆಗೆಯಿರಿ. ಸೋರುವ ನಲ್ಲಿ ಅಂದೇ ರಿಪೇರಿ ಮಾಡಿಸಿ, ಏಕೆಂದರೆ ಅವಕ್ಕೆ ಊಟಕ್ಕಿಂತ ನೀರಿಲ್ಲದೆ ಬದುಕುವುದು ಕಷ್ಟ. ಟೈಲ್ಸ್ ಬಿರುಕು, ಪೈಪು ಗೋಡೆ ಹೊಕ್ಕ ಜಾಗಕ್ಕೆ ಸಿಲಿಕೋನ್ ಸೀಲಂಟ್ ತುಂಬಿ.

ಇಷ್ಟಾದ ಮೇಲೆ ಜೆಲ್, ಅಂದರೆ ಜಿರಳೆ ತಿಂದು ಸಾಯುವ ವಿಷ ಬೆರೆಸಿದ ಮೆತ್ತನೆಯ ತಿನಿಸು. ಎಳ್ಳಿಗಿಂತ ತುಸು ದೊಡ್ಡ ಬೊಟ್ಟುಗಳನ್ನು ಗೂಡಿನ ಸಂದಿಯೊಳಗೇ, ಹೆಚ್ಚು ಕಡೆ ಇಡಿ. ಆಹಾರ ತಾಗುವಲ್ಲಿ ಬೇಡ. ಜಿಡ್ಡು ಅಥವಾ ಬಿಸಿ ಮೇಲ್ಮೈ ಮೇಲೆ ಅದು ನಿಲ್ಲದು. ಅದರ ಹತ್ತಿರ ಸ್ಪ್ರೇ, ಫಿನಾಯಿಲ್ ತಾಗಿದರೆ ಜಿರಳೆ ತಿನ್ನುವುದಿಲ್ಲ. ಜೆಲ್ ಕೆಲಸ ಮಾಡಲಿಲ್ಲ ಎನ್ನುವ ಕಡೆ ಬಹುತೇಕ ಇದೇ ತಪ್ಪು. ವಾರ ಬಿಟ್ಟು ಖಾಲಿಯಾದ ಕಡೆ ಮತ್ತೆ ಹಚ್ಚಿ, ಬಲೆ ಬದಲಿಸಿ ಎಣಿಸಿ. ಉಳಿದೆಲ್ಲ ಬಲೆಯೂ ಖಾಲಿ ಬಂದು, ಒಂದರಲ್ಲಿ ಮಾತ್ರ ರೆಕ್ಕೆ ಬಂದ ಜಿರಳೆ ಸಿಕ್ಕರೆ ಸಾಮಾನಿನ ಜೊತೆ ಹೊಸದಾಗಿ ಬಂದಿರಬಹುದು. ರಟ್ಟಿನ ಪೆಟ್ಟಿಗೆಗಳನ್ನು ಬಾಗಿಲಾಚೆಯೇ ಬಿಚ್ಚಿ, ಸಾಮಾನನ್ನು ಪ್ಲಾಸ್ಟಿಕ್ ಕ್ರೇಟಿಗೆ ಸುರಿದುಕೊಂಡು ಒಳಗೆ ತನ್ನಿ.