ಕ್ಯಾಂಪ್ ಮುಗಿದ ಮಾರನೇ ದಿನ ಏನ್ ಮಾಡ್ಬೇಕು: ಸಣ್ಣ ಊರಿಗೆ ಬರೋ ಹೊಸ ಹಲ್ಲಿನ ಡಾಕ್ಟ್ರುಗಳಿಗೆ

ಬಿಡಿಎಸ್, ಅಂದ್ರೆ ಹಲ್ಲಿನ ಡಾಕ್ಟ್ರ ಡಿಗ್ರಿ, ಮುಗಿಸಿರೋ ಹುಡುಗ ಹುಡುಗೀರು ಆಗಾಗ ಫೋನ್ ಮಾಡ್ತಾರೆ, ಮೇಡಂ ಬೆಂಗಳೂರಲ್ಲಿ ಗಲ್ಲಿಗೊಂದು ಕ್ಲಿನಿಕ್ ಆಗಿದೆ, ಊರಿಗೇ ವಾಪಸ್ ಬಂದ್ಬಿಡೋಣ ಅನ್ಕೊಂಡಿದೀವಿ, ಹೇಗೆ ಶುರು ಮಾಡೋದು ಅಂತ. ನಾನು ಸಕಲೇಶಪುರದಲ್ಲಿ ಚೇರ್ ಹಾಕ್ಕೊಂಡು ಹತ್ತೊಂಬತ್ತು ವರ್ಷ ಆಯ್ತು, ಅದ್ರಲ್ಲಿ ಹನ್ನೆರಡು ವರ್ಷ ಒಂದಲ್ಲ ಒಂದು ಕಮಿಟಿಲಿ ಇದೀನಿ, ಸ್ಕೂಲ್ದು, ದೇವಸ್ಥಾನದ್ದು, ಸ್ತ್ರೀಶಕ್ತಿ ಸಂಘದೋರ ಜೊತೆ ಓಡಾಟ, ಹೀಗೆ. ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೆ ಪೇಷಂಟ್ ಬಂದ್ಬಿಡ್ತಾರೆ, ಅದಕ್ಕೆ ಕೂತು ಬರೀತಿದೀನಿ, ಮುಖ್ಯವಾಗಿ ಹಳ್ಳಿಲಿ ಮಾಡೋ ಉಚಿತ ಹಲ್ಲು ತಪಾಸಣೆ ಕ್ಯಾಂಪ್ ಬಗ್ಗೆ.

ಪೇಪರ್ ಕೆಲಸ ಮೊದಲು ಹೇಳಿ ಮುಗಿಸ್ತೀನಿ. ಇಂಟರ್ನ್‌ಶಿಪ್ ಆದ್ಮೇಲೆ ರಾಜ್ಯದ ಡೆಂಟಲ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್, ಕ್ಲಿನಿಕ್‌ಗೆ ಖಾಸಗಿ ಆಸ್ಪತ್ರೆ ಕ್ಲಿನಿಕ್‌ಗಳಿಗಿರೋ 2007ರ ಕೆಪಿಎಂಇ ಕಾಯ್ದೆ ಪ್ರಕಾರ ಜಿಲ್ಲೆಯಲ್ಲಿ ರಿಜಿಸ್ಟ್ರೇಷನ್, ಎಕ್ಸ್‌ರೇ ಇಟ್ರೆ ವಿಕಿರಣ ಸುರಕ್ಷತೆ ನೋಡ್ಕೊಳ್ಳೋ ಎಇಆರ್‌ಬಿಯ ಇ-ಲೋರಾ ವೆಬ್‌ಸೈಟಲ್ಲಿ ಇನ್ನೊಂದು. ಕಸಕ್ಕೆ 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸ್, ಕಿತ್ತ ಹಲ್ಲು ರಕ್ತದ ಹತ್ತಿ ಹಳದಿ ಕವರ್‌ಗೆ, ಗ್ಲೌಸು ಸಕ್ಷನ್ ಪೈಪು ಕೆಂಪಿಗೆ, ಸೂಜಿ ಬ್ಲೇಡು ಚುಚ್ಚಿದ್ರೂ ತೂತಾಗದ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. ಇದನ್ನ ಇನ್ಸ್‌ಪೆಕ್ಷನ್‌ಗೋಸ್ಕರ ಮಾಡ್ಬೇಡಿ, ಬೆಳಿಗ್ಗೆ ಕಸದ ಗಾಡೀಲಿ ಬರೋ ಪೌರಕಾರ್ಮಿಕರು ಸಂಜೆ ನಿಮ್ಮ ಚೇರಲ್ಲೇ ಬಾಯಿ ತೆಗೆದು ಕೂರ್ತಾರೆ, ಅವರ ಕೈಗೆ ನಿಮ್ಮ ಸೂಜಿ ಚುಚ್ಚಿರಬಾರ್ದು ಅಷ್ಟೇ.

ಜಾಗ ನೋಡುವಾಗ ಬಾಡಿಗೆಗಿಂತ ಬಸ್‌ಸ್ಟ್ಯಾಂಡ್ ಎಷ್ಟು ದೂರ ಅಂತ ನೋಡಿ, ಮಹಡಿ ಮೇಲೆ ಬೇಡ, ಮಂಡಿನೋವಿನ ಅಜ್ಜಿಯರು ಹತ್ತಲ್ಲ. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟು ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ದೇವರಿಗೇ ಗೊತ್ತು, ಸಣ್ಣ ಯುಪಿಎಸ್‌ನಲ್ಲಿ ಚೇರು ಲೈಟು ನಡೆಯುತ್ತೆ, ಹಲ್ಲು ಕೊರೆಯೋ ಯಂತ್ರಕ್ಕೆ ಗಾಳಿ ಕೊಡೋ ಕಂಪ್ರೆಸರನ್ನ ಎಳೆಯಲ್ಲ, ಅದಕ್ಕೊಂದು ಜನರೇಟರ್ ಬೇಕೇ ಬೇಕು, ಸಾಲ ಮಾಡಾದ್ರೂ ತಗೊಳ್ಳಿ. ಥಂಡಿಗೆ ಹಲ್ಲು ಕೀಳೋ ಫೋರ್ಸೆಪ್ಸ್ ಕೀಲಲ್ಲಿ ತುಕ್ಕು ಬರುತ್ತೆ, ಹಬೆಯಲ್ಲಿ ಕ್ರಿಮಿ ಸಾಯಿಸೋ ಆಟೋಕ್ಲೇವ್‌ನಿಂದ ತೆಗೆದ ಮೇಲೆ ಪೂರ್ತಿ ಒಣಗಿಸಿ ಇಡ್ಬೇಕು. ಅಳತೆ ತೆಗೆಯೋ ಆಲ್ಜಿನೇಟ್ ಪೌಡರ್ ಮುಚ್ಚಳ ಒಂದು ರಾತ್ರಿ ಸಡಿಲ ಬಿಟ್ರೂ ತೇವ ಎಳ್ಕೊಂಡು ಕೆಡುತ್ತೆ, ಮಾರನೇ ದಿನ ಬಾಯಲ್ಲಿ ಸರಿಯಾಗಿ ಸೆಟ್ಟೇ ಆಗಲ್ಲ.

ಅಪಾಯಿಂಟ್‌ಮೆಂಟ್ ಅನ್ನೋದನ್ನ ಇಲ್ಲಿ ಗಡಿಯಾರ ನೋಡಿ ಕೊಡೋಕಾಗಲ್ಲ, ಬಸ್ ನೋಡಿ ಕೊಡ್ಬೇಕು. ಹೆತ್ತೂರು, ಯಸಳೂರು, ಹಾನುಬಾಳು ಕಡೆಯಿಂದ ಬರೋರು ಒಂದು ದಿನದ ಕೂಲಿ ಬಿಟ್ಟು ಬಂದಿರ್ತಾರೆ, ವಾಪಸ್ ಬಸ್ ತಪ್ಪಿದ್ರೆ ಕತ್ತಲಲ್ಲಿ ತೋಟದ ದಾರಿ ನಡೀಬೇಕು, ಅಲ್ಲಿ ಆನೆ ಕಾಟ ಇರೋದು ಎಲ್ರಿಗೂ ಗೊತ್ತು. ನನ್ನ ರಿಸೆಪ್ಷನ್ ಟೇಬಲ್ ಮೇಲೆ ಬಸ್ ಟೈಮಿನ ಪಟ್ಟಿ ಅಂಟಿಸಿದೀನಿ, ಹೆಸರು ಬರೆಸಿಕೊಂಡ ತಕ್ಷಣ ಹುಡುಗಿ ಕೇಳೋದು ಯಾವ ಬಸ್ಸಿಗೆ ಹೋಗ್ಬೇಕು ಅಂತ. ಪೇಟೆಯೋರು ಸ್ವಲ್ಪ ಕಾಯ್ತಾರೆ, ಯಾಕೆ ಅಂತ ಒಂದ್ಸಲ ಬಿಡಿಸಿ ಹೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ. ದುಡ್ಡಿನ ವಿಷ್ಯಾನೂ ಹೀಗೇ, ಕೆಲಸಕ್ಕೆ ಕೈ ಹಾಕೋ ಮುಂಚೆನೇ ಒಟ್ಟು ಎಷ್ಟಾಗುತ್ತೆ ಅಂತ ಹೇಳ್ಬಿಡಿ, ತೋಟದೋರಿಗೆ ಬಟವಾಡೆ ದಿನ ಅಷ್ಟಷ್ಟೇ ಕೊಡಿ ಅನ್ನಿ. ನನ್ನ ಪುಸ್ತಕದಲ್ಲಿ ಬಾಕಿ ಉಳಿಸ್ಕೊಂಡೋರು ಕಮ್ಮಿ, ಅದ್ರಲ್ಲೂ ಕೂಲಿ ಮಾಡೋರು ಇನ್ನೂ ಕಮ್ಮಿ.

ಕ್ಯಾಂಪ್ ವಿಷ್ಯಕ್ಕೆ ಬರ್ತೀನಿ, ಇದನ್ನ ಹೇಳೋಕೇ ಶುರು ಮಾಡಿದ್ದು.

ನೀವು ಬೋರ್ಡ್ ಹಾಕಿದ ಆರು ತಿಂಗಳಲ್ಲಿ ಯಾರಾದ್ರೂ ಬಂದು ಉಚಿತ ದಂತ ತಪಾಸಣಾ ಶಿಬಿರ ಮಾಡೋಣ ಡಾಕ್ಟ್ರೇ ಅಂತಾರೆ. ನಾನೂ ಮೊದಲನೇ ವರ್ಷ ಒಪ್ಪಿಕೊಂಡೆ, ಒಂದು ಹಳ್ಳಿ ಸ್ಕೂಲ್ ವರಾಂಡ, ಶಾಮಿಯಾನ, ಮೈಕು, ಹಾರ. ಜನ ಸಾಲುಗಟ್ಟಿ ನಿಂತು ಇದೊಂದ್ ಕಿತ್ಕೊಡಿ ಅವ್ವ ಅಂದ್ರು, ಕರೆಸಿದೋರೂ ಅಷ್ಟು ದೂರದಿಂದ ಬಂದವ್ರೆ ಕಿತ್ಕೊಡಿ ಅಂದ್ರು, ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿ ಹನ್ನೊಂದು ಹಲ್ಲು ಕಿತ್ತೆ. ಅದ್ರಲ್ಲೊಬ್ರು ಅಜ್ಜ, ಹೃದಯಕ್ಕೆ ಸ್ಟೆಂಟ್ ಹಾಕಿಸ್ಕೊಂಡಿದ್ರು, ರಕ್ತ ತೆಳು ಮಾಡೋ ಎರಡು ಮಾತ್ರೆ ದಿನಾ ನುಂಗ್ತಿದ್ರು. ನಾನು ಶುಗರ್ ಇದೆಯಾ ಬಿಪಿ ಇದೆಯಾ ಅಂತ ಕೇಳಿದ್ದೆ, ಇಲ್ಲ ಅಂದಿದ್ರು, ಯಾವ ಮಾತ್ರೆ ತಗೊಳ್ತೀರ ಅಂತ ಕೇಳಿರ್ಲಿಲ್ಲ. ರಾತ್ರಿಯೆಲ್ಲ ರಕ್ತ ಸೋರಿದೆ, ಮಗ ಟವಲ್ ಒತ್ತಿ ಹಿಡ್ಕೊಂಡು ಕೂತಿದ್ದಾನೆ, ಬೆಳಿಗ್ಗೆ ಹಾಲಿನ ವ್ಯಾನಲ್ಲಿ ಕರ್ಕೊಂಡು ಬಂದ್ರು. ಆ ಟವಲ್ ನನ್ನ ಕಣ್ಣ ಮುಂದೆ ಈಗ್ಲೂ ಇದೆ, ನೀಲಿ ಗೆರೆ ಇರೋ ಬಿಳಿ ಟವಲ್ಲು, ಒಂದು ಮೂಲೇಲಷ್ಟೇ ಬಿಳಿ ಉಳಿದಿತ್ತು. ಹೊಲಿಗೆ ಹಾಕಿ ಹತ್ತಿ ಕಚ್ಚಿಸಿ ಕೂರಿಸಿದೆ, ನಿಲ್ತು, ಅಜ್ಜ ಚೆನ್ನಾಗೇ ಆದ್ರು. ಹೋಗುವಾಗ ಬೈಲಿಲ್ಲ, ಒಂದೇ ಮಾತು ಹೇಳಿದ್ರು, ರಾತ್ರಿ ಹೊತ್ನಲ್ಲಿ ನೀನ್ ಇರ್ಲಿಲ್ವಲ್ಲ ಕಣವ್ವ ಅಂತ.

ಅವತ್ತಿಂದ ನಾನು ಕ್ಯಾಂಪಲ್ಲಿ ಹಲ್ಲು ಕೀಳಲ್ಲ, ಯಾರು ಎಷ್ಟೇ ಒತ್ತಾಯ ಮಾಡಿದ್ರೂ. ನಿಮಗೂ ಅದನ್ನೇ ಹೇಳೋದು. ಕ್ಯಾಂಪಲ್ಲಿ ನೋಡಿ, ಬರ್ಕೊಳ್ಳಿ, ದಿನ ಕೊಡಿ. ಮಾತ್ರೆ ಚೀಟಿ ತಂದು ತೋರಿಸಿ ಅನ್ನಿ. ಹಾಗಂತ ಆ ಮಾತ್ರೆ ನಿಲ್ಸಿ ಬನ್ನಿ ಅಂತ ನಾವಾಗಿ ಹೇಳೋ ಹಾಗಿಲ್ಲ, ಬರೆದುಕೊಟ್ಟ ಹೃದಯದ ಡಾಕ್ಟ್ರನ್ನ ಕೇಳ್ಲೇಬೇಕು, ಎಷ್ಟೋ ಸಲ ಮಾತ್ರೆ ನಿಲ್ಸದೇನೇ ಜಾಗ್ರತೆಯಾಗಿ ಹೊಲಿಗೆ ಹಾಕಿ ಕೆಲಸ ಮುಗಿಸ್ಬಹುದು.

ಕ್ಯಾಂಪಿಗೆ ಬೇಕಾಗೋದು ಕಮ್ಮಿ. ಬರೋ ತಲೆಗಳಿಗಿಂತ ಹತ್ತು ಜಾಸ್ತಿ ಮೌತ್ ಮಿರರ್, ಆಟೋಕ್ಲೇವ್ ಮಾಡಿ ಪೌಚಲ್ಲಿ ಹಾಕಿದ್ದು, ಒಬ್ಬರಿಗೆ ಹಾಕಿದ್ದನ್ನ ಡೆಟಾಲ್ ನೀರಲ್ಲಿ ಅದ್ದಿ ಇನ್ನೊಬ್ರಿಗೆ ಹಾಕೋದು ದಯವಿಟ್ಟು ಬೇಡ. ಗ್ಲೌಸು, ತಲೆಗೆ ಕಟ್ಟೋ ಟಾರ್ಚು, ಒಂದು ರಿಜಿಸ್ಟರು. ಕಾಫಿ ಕುಯ್ಲು ಟೈಮಲ್ಲಿ, ಅಂದ್ರೆ ನವೆಂಬರ್‌ನಿಂದ ಫೆಬ್ರವರಿ ತನಕ, ತೋಟದ ಕಡೆ ಕ್ಯಾಂಪ್ ಇಡ್ಬೇಡಿ, ಯಾರೂ ಬರಲ್ಲ. ತೋಟದ ಕೂಲಿಯೋರು ಇರೋ ಲೈನ್ ಮನೆಗಳಿಗೆ ಹೋಗೋದಾದ್ರೆ ಮೊದಲು ತೋಟದ ಲೆಕ್ಕ ಬರೆಯೋ ರೈಟರ್ ಹತ್ರ ಅಲ್ಲ, ಆಶಾ ಕಾರ್ಯಕರ್ತೆ ಹತ್ರ ಮಾತಾಡಿ, ಯಾವ ಮನೇಲಿ ಯಾರಿಗೆ ಬಾಯಿ ಹುಣ್ಣು ವಾಸಿ ಆಗ್ತಿಲ್ಲ ಅಂತ ಆಕೆಗೆ ಗೊತ್ತಿರುತ್ತೆ. ಈಗ ಅಸ್ಸಾಂ ಕಡೆಯಿಂದ ಬಂದೋರೂ ತುಂಬ ಜನ ಇದಾರೆ, ಅವರಲ್ಲೇ ಕನ್ನಡ ಕಲಿತಿರೋ ಒಬ್ಬರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ.

ಕ್ಯಾಂಪಲ್ಲಿ ಹಲ್ಲಿಗಿಂತ ಮೊದಲು ನೋಡ್ಬೇಕಾಗಿರೋದು ಕೆನ್ನೆ ಒಳಗೆ, ನಾಲಿಗೆ ಪಕ್ಕ, ನಾಲಿಗೆ ಕೆಳಗೆ. ನಮ್ಮ ಕಡೆ ಎಲೆ ಅಡಿಕೆ, ಕಡ್ಡಿಪುಡಿ, ಸುಣ್ಣ, ಕೆಲವರು ರಾತ್ರಿ ದವಡೇಲಿ ಇಟ್ಕೊಂಡೇ ಮಲಗ್ತಾರೆ. ಅಡಿಕೆ ಒಂದೇ ಇದ್ರೂ, ಹೊಗೆಸೊಪ್ಪು ಸೇರಿಸದೇ ಇದ್ರೂ, ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ ವರ್ಷಗಳ ಹಿಂದೆನೇ ಹೇಳಿದೆ. ಅಡಿಕೆ ಬೆಳೆಯೋ ಜಿಲ್ಲೇಲಿ ಇದನ್ನ ಹೇಳೋದು ಸುಲಭ ಅಲ್ಲ, ಆದ್ರೂ ಹೇಳ್ಬೇಕು. ಮೂರು ಬೆರಳಿನ ಪರೀಕ್ಷೆ ಕಲಿಸಿ, ತಮ್ಮದೇ ಮೂರು ಬೆರಳು ಜೋಡಿಸಿ ನಿಲ್ಲಿಸಿ ಬಾಯಿಗೆ ಇಟ್ಟುಕೊಂಡ್ರೆ ಹೋಗ್ಬೇಕು, ಎರಡೇ ಹೋದ್ರೆ ಬಾಯಿ ಬಿಗೀತಿದೆ ಅಂತ ಅರ್ಥ. ಖಾರ ತಿಂದ್ರೆ ಮೊದಲಿಗಿಂತ ಜಾಸ್ತಿ ಉರಿ, ಕೆನ್ನೆ ಒಳಗೆ ಬೆಳ್ಳಗೆ ಬಿಳಿಚಿಕೊಂಡ ಹಾಗೆ, ಇದು ಆ ಬಾಯಿ ಬಿಗಿಯೋ ಕಾಯಿಲೆಯ ಶುರು. ಎರಡು ವಾರ ಕಳೆದ್ರೂ ಆರದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡ್ರೆ ಮುಲಾಮು ಕೊಟ್ಟು ಕಳಿಸ್ಬೇಡಿ, ಬಯಾಪ್ಸಿಗೆ, ಅಂದ್ರೆ ಒಂದು ಚೂರು ತೆಗೆದು ಲ್ಯಾಬಲ್ಲಿ ನೋಡೋ ಪರೀಕ್ಷೆಗೆ, ಕಳಿಸಿ. ಹಾಸನದಲ್ಲಿ ಹಾಸನಾಂಬ ಡೆಂಟಲ್ ಕಾಲೇಜಿದೆ, ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಹಿಮ್ಸ್ ಇದೆ, ಮುಂದಕ್ಕೆ ಬೇಕಾದ್ರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ.

ಎಲೆ ಅಡಿಕೆ ಹೊಗೆಸೊಪ್ಪು ಬಿಡಿಸೋಕೆ ಹೋದಾಗ ಬೈಬೇಡಿ. ಅರಕಲಗೂಡು ಕಡೆ ಹೋದ್ರೆ ರಾಮನಾಥಪುರದಲ್ಲಿ ತಂಬಾಕು ಹರಾಜು ಕಟ್ಟೆನೇ ಇದೆ, ಹೊಗೆಸೊಪ್ಪು ಬೆಳೆದು ಮಕ್ಕಳನ್ನ ಓದಿಸಿರೋ ಮನೆಗಳು, ಅವರ ಮುಂದೆ ನಿಂತು ವಿಷ ಬೆಳೀತೀರ ಅಂದ್ರೆ ಮುಂದಿನ ಸಲ ಯಾರೂ ಬಾಯಿ ತೆಗೆಯಲ್ಲ. ಬೆಳೆ ಬಗ್ಗೆ ಮಾತು ಬೇಡ, ಬಾಯಿ ಬಗ್ಗೆ ಮಾತ್ರ ಮಾತಾಡಿ. 1800-11-2356 ಅಂತ ತಂಬಾಕು ಬಿಡೋಕೆ ಸಹಾಯ ಮಾಡೋ ಸರ್ಕಾರದ ಉಚಿತ ಕ್ವಿಟ್‌ಲೈನ್ ಇದೆ, ಆ ನಂಬರನ್ನ ಚೀಟೀಲಿ ಬರೆದು ಕೊಡ್ಬೇಡಿ, ಚೀಟಿ ಕಳೆದು ಹೋಗುತ್ತೆ, ಅವರ ಫೋನ್ ಇಸ್ಕೊಂಡು ಸೇವ್ ಮಾಡಿಕೊಡಿ.

ಇನ್ನು ಮಾರನೇ ದಿನ. ಕ್ಯಾಂಪ್ ಅನ್ನೋದು ನನ್ನ ಲೆಕ್ಕದಲ್ಲಿ ಮಾರನೇ ದಿನ ಬೆಳಿಗ್ಗೆ ಶುರು ಆಗುತ್ತೆ. ರಿಜಿಸ್ಟರ್ ತೆಗೆದು ಕೂತು, ಹುಣ್ಣು ಮಚ್ಚೆ ಇರೋರ ಹೆಸರಿಗೆ ಕೆಂಪು ಪೆನ್ನಲ್ಲಿ ಗೆರೆ, ಅವರಿಗೆ ಅವತ್ತೇ ಫೋನು. ಫೋನ್ ಇಲ್ದಿದ್ರೆ ಆಶಾ ಅಕ್ಕನಿಗೆ. ಬರಲ್ಲ ಅಂದ್ರೆ ಯಾಕೆ ಅಂತ ಕೇಳಿ, ಹತ್ತಕ್ಕೆ ಎಂಟು ಸಲ ಭಯಕ್ಕಿಂತ ಕೂಲಿದೇ ಚಿಂತೆ. ಇಲ್ಲಿ ನಿಮ್ಮ ಊರ ಮುಖಂಡತ್ವ ಕೆಲಸಕ್ಕೆ ಬರೋದು, ತೋಟದ ಸಾಹುಕಾರರಿಗೆ ನೀವೇ ಫೋನ್ ಮಾಡಿ, ಅಣ್ಣ ನಿಮ್ಮ ಲೈನಿನ ಇಂಥೋರಿಗೆ ಒಂದಿನ ರಜ ಕೊಟ್ಟು ಕೂಲಿ ಹಿಡೀಬೇಡಿ ಅಂತ ಕೇಳಿ. ಕಾಯಿಲೆ ಏನು ಅಂತ ಮಾತ್ರ ಹೇಳ್ಬೇಡಿ, ಅದು ಅವರ ಸ್ವಂತ ವಿಷ್ಯ. ನಾನು ಕೇಳಿದ ಮುಕ್ಕಾಲು ಪಾಲು ಸಾಹುಕಾರರು ಇಲ್ಲ ಅಂದಿಲ್ಲ, ಒಬ್ರಂತೂ ಜೀಪಲ್ಲೇ ಕಳಿಸಿಕೊಟ್ರು.

ಹಲ್ಲೆಲ್ಲ ಬಿದ್ದು ಹೋಗಿರೋ ಬಿಪಿಎಲ್ ಕಾರ್ಡಿನ ಅಜ್ಜ ಅಜ್ಜಿಯರಿಗೆ ಸರ್ಕಾರದ ದಂತಭಾಗ್ಯ ಯೋಜನೇಲಿ ಸೆಟ್ಟು ಹಲ್ಲು ಮಾಡಿಸ್ಬಹುದು, ಡೆಂಟಲ್ ಕಾಲೇಜುಗಳ ಮೂಲಕ. ಒಬ್ಬೊಬ್ರನ್ನೇ ಕಳಿಸಿದ್ರೆ ಅಳತೆಗೆ, ಕಚ್ಚಿಸಿ ನೋಡೋಕೆ, ಸರಿ ಮಾಡ್ಸೋಕೆ ಅಂತ ನಾಲ್ಕೈದು ಸಲ ಓಡಾಡೋಕಾಗ್ದೆ ಅರ್ಧಕ್ಕೆ ಬಿಡ್ತಾರೆ. ಐದಾರು ಜನರನ್ನ ಸೇರಿಸಿ ಒಂದೇ ದಿನ ಕಳಿಸಿ, ಜೊತೆಗೆ ಓದು ಬರೋ ಒಬ್ಬ ಹುಡುಗ ಇರ್ಲಿ.

ಸ್ಕೂಲಿಗೆ ಹೋದಾಗ ಮಕ್ಕಳಿಗೆ ಬ್ರಷ್ ಹಂಚಿ ಫೋಟೋ ತೆಗೆಸ್ಕೊಂಡು ಬರ್ಬೇಡಿ, ಟೀಚರ್‌ಗಳನ್ನ ಅರ್ಧ ಗಂಟೆ ಕೂರಿಸ್ಕೊಳ್ಳಿ. ಎರಡೇ ವಿಷ್ಯ ಸಾಕು. ಒಂದು, ಆರನೇ ವರ್ಷಕ್ಕೆ ಹಾಲು ಹಲ್ಲಿನ ಸಾಲಿನ ಹಿಂದೆ ಬರೋ ದವಡೆ ಹಲ್ಲು ಶಾಶ್ವತ ಹಲ್ಲು, ಯಾವುದೂ ಬೀಳದೇ ಬರೋದ್ರಿಂದ ಅಪ್ಪ ಅಮ್ಮ ಅದನ್ನೂ ಹಾಲು ಹಲ್ಲು ಬಿದ್ದೋಗುತ್ತೆ ಬಿಡು ಅಂತಾರೆ, ಹುಳುಕು ಹಿಡಿಯೋದು ಮೊದಲು ಅದಕ್ಕೇ. ಎರಡು, ಆಟದಲ್ಲಿ ಬಿದ್ದು ಮುಂದಿನ ಶಾಶ್ವತ ಹಲ್ಲು ಬೇರು ಸಮೇತ ಉದುರಿದ್ರೆ ಏನ್ ಮಾಡ್ಬೇಕು. ಬೇರು ಮುಟ್ಟಬಾರ್ದು, ಬೆಳ್ಳಗಿರೋ ಕಡೆ ಹಿಡ್ಕೊಂಡು, ಉಜ್ಜದೇ, ಹಾಲಲ್ಲಿ ಹಾಕಿ ಒಂದು ಗಂಟೆ ಒಳಗೆ ತರ್ಬೇಕು, ಅರ್ಧ ಗಂಟೆ ಒಳಗಾದ್ರೆ ಇನ್ನೂ ಒಳ್ಳೇದು. ನಾಲ್ಕು ವರ್ಷದ ಹಿಂದೆ ಬಾಳ್ಳುಪೇಟೆ ಕಡೆಯ ಒಬ್ಬ ಟೀಚರಮ್ಮ ಸ್ಕೂಟರಲ್ಲಿ ಹುಡುಗನ್ನ ಮಧ್ಯ ಕೂರಿಸ್ಕೊಂಡು ಬಂದ್ರು, ಹಿಂದೆ ಬಿಸಿಯೂಟದ ಅಡುಗೆಯಮ್ಮ, ಆಕೆ ಕೈಯಲ್ಲಿ ಸ್ಟೀಲ್ ಟಿಫಿನ್ ಡಬ್ಬಿ, ಅದ್ರೊಳಗೆ ಮಕ್ಕಳಿಗೆ ಕೊಡೋ ಕ್ಷೀರಭಾಗ್ಯದ ಹಾಲು, ಹಾಲಲ್ಲಿ ಹಲ್ಲು. ಹಲ್ಲನ್ನ ಅದಿದ್ದ ಜಾಗದಲ್ಲೇ ಕೂರಿಸಿ ತಂತಿ ಕಟ್ಟಿದೆ, ಆ ಹಲ್ಲು ಅವನ ಬಾಯಲ್ಲೇ ಇದೆ ಈಗ್ಲೂ.

ಅರಸೀಕೆರೆ ಕಡೂರು ಬಯಲುಸೀಮೆ ಕಡೆ ಕ್ಲಿನಿಕ್ ಇಡೋರಿಗೆ ಒಂದು ಮಾತು, ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬಂದ ಕಂದು ಕಲೆ ನೋಡಿ ಸರಿಯಾಗಿ ಹಲ್ಲುಜ್ಜಲ್ವಾ ಅಂತ ಕೇಳ್ಬೇಡಿ. ಮದುವೆ ಮಾತುಕತೆ ಹೊತ್ತಲ್ಲಿ ಅಳ್ತಾ ಬರೋ ಹೆಣ್ಮಕ್ಕಳಿದಾರೆ. ಅದು ಕೊಳೆ ಅಲ್ಲ, ಹಲ್ಲು ಒಳಗೆ ಬೆಳೆಯುವಾಗ್ಲೇ ಆಗಿದ್ದು ಅಂತ ಮೊದಲು ಹೇಳಿ, ಆಮೇಲೆ ಟ್ರೀಟ್‌ಮೆಂಟು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೆ ಆಗಲ್ಲ, ಪಂಚಾಯಿತಿಯೋರ ಹತ್ರ ನೀರು ಟೆಸ್ಟ್ ಮಾಡ್ಸೋದಕ್ಕೆ ನೀವೇ ಮುಂದೆ ನಿಲ್ಲಿ.

ಮುಂದೆ ನಿಲ್ಲೋಕೆ ಶುರು ಮಾಡಿದ್ಮೇಲೆ ಕಮಿಟಿಗಳು ತಾವಾಗೇ ಬರ್ತವೆ. ಹೆಣ್ಣು ಅಂತ ಮೊದಮೊದಲು ನನಗೆ ಸ್ವಾಗತ ಭಾಷಣ, ಆರತಿ ತಟ್ಟೆ ಅಷ್ಟೇ ಕೊಡ್ತಿದ್ರು, ನಾನು ಲೆಕ್ಕದ ಪುಸ್ತಕ ಕೊಡಿ ಅಂದೆ. ಆದ್ರೆ ಒಬ್ರೇ ಖಜಾಂಚಿ ಆಗ್ಬೇಡಿ, ಬ್ಯಾಂಕ್ ಖಾತೆಗೆ ಎರಡು ಸಹಿ ಇರ್ಲಿ, ಗಣಪತಿ ಬಿಟ್ಟ ಮಾರನೇ ದಿನ ಚಂದಾ ಬಂದಿದ್ದೆಷ್ಟು ಖರ್ಚಾಗಿದ್ದೆಷ್ಟು ಅಂತ ಬರೆದು ದೇವಸ್ಥಾನದ ಗೋಡೆಗೆ ಅಂಟಿಸ್ಬಿಡಿ. ಎಲೆಕ್ಷನ್ ಟೈಮಲ್ಲಿ ಯಾವ ಪಕ್ಷದ ಬ್ಯಾನರ್ ಕೆಳಗೂ ಕ್ಯಾಂಪ್ ಮಾಡ್ಬೇಡಿ, ಎಲ್ಲಾ ಪಕ್ಷದೋರಿಗೂ ಹಲ್ಲು ನೋವು ಬರುತ್ತೆ, ಎಲ್ರೂ ನಿಮ್ಮ ಚೇರಿಗೆ ಧೈರ್ಯವಾಗಿ ಬರೋ ಹಾಗಿರ್ಬೇಕು. ಚೇರಲ್ಲಿ ಕೂತು ಜನ ಮನೆ ಜಗಳ, ಸಾಲ, ಜಮೀನು ಕೇಸು ಎಲ್ಲ ಹೇಳ್ಕೊಳ್ತಾರೆ, ಆ ಮಾತು ಯಾವತ್ತೂ ಮೀಟಿಂಗಲ್ಲಿ ನಿಮ್ಮ ಬಾಯಿಂದ ಬರಬಾರ್ದು, ಒಂದ್ಸಲ ಬಂದ್ರೆ ಡಾಕ್ಟ್ರಾಗೂ ಉಳಿಯಲ್ಲ ಮುಖಂಡರಾಗೂ ಉಳಿಯಲ್ಲ.

ಕೊನೇದಾಗಿ ರಿಜಿಸ್ಟರ್ ಹೇಗಿರ್ಬೇಕು ಅಂತ ತುಂಬ ಜನ ಕೇಳ್ತಾರೆ. ಉದ್ದ ಪುಸ್ತಕ ತಗೊಳ್ಳಿ. ಹೆಸರು, ವಯಸ್ಸು, ಊರು, ಯಾರದಾದ್ರೂ ಫೋನ್ ನಂಬರ್, ತಗೊಳ್ತಿರೋ ಮಾತ್ರೆ, ಬಾಯಲ್ಲಿ ಕಂಡಿದ್ದು, ಕೊಟ್ಟ ದಿನ, ಆ ದಿನ ಬಂದ್ರಾ ಇಲ್ವಾ. ಬಂದ್ರಾ ಇಲ್ವಾ ಅನ್ನೋ ಕಾಲಂ ಅಗಲ ಇರ್ಲಿ, ಯಾಕೆ ಬರ್ಲಿಲ್ಲ ಅಂತ ಬರೆಯೋಕೆ ಜಾಗ ಬೇಕಾಗುತ್ತೆ. ಕೀಳೋ ಕೆಲಸ ಇದ್ದೋರಿಗೆ ಬೆಳಗಿನ ಹೊತ್ತೇ ಟೈಮ್ ಕೊಡಿ, ಸಂಜೆ ಕಿತ್ತು ರಾತ್ರಿ ಬಸ್ಸಿಗೆ ಹತ್ತಿಸ್ಬೇಡಿ, ಚೀಟಿ ಮೇಲೆ ನಿಮ್ಮ ಸ್ವಂತ ಮೊಬೈಲ್ ನಂಬರ್ ದೊಡ್ಡದಾಗಿ ಬರೀರಿ, ರಾತ್ರಿ ಫೋನನ್ನ ಸೈಲೆಂಟಿಗೆ ಹಾಕದೇ ತಲೆ ಹತ್ರ ಇಟ್ಕೊಂಡು ಮಲಗಿ.