ತಿಮಿಂಗಿಲ ಶಾರ್ಕ್ ಕಂಡರೆ ಏನು ನೋಡಬೇಕು, ಏನು ಬರೆದುಕೊಳ್ಳಬೇಕು?

ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಅಂದರೆ ಪ್ಲಾಂಕ್ಟನ್ನನ್ನು, ಸೋಸಿ ತಿನ್ನುವ ಶಾರ್ಕ್‌ಗಳು ಮೂರೇ: ಬಾಸ್ಕಿಂಗ್ ಶಾರ್ಕ್, ಮೆಗಾಮೌತ್, ತಿಮಿಂಗಿಲ ಶಾರ್ಕ್. ಬಾಸ್ಕಿಂಗ್ ಶಾರ್ಕ್ ತಣ್ಣೀರಿನದು. ಅದನ್ನು ನೋಡಲು ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಹೋಗಬೇಕು. ಗೋವಾದಲ್ಲಿರುವ ನಮ್ಮ ಪಾಲಿನದು ಮೈತುಂಬ ಬಿಳಿ ಚುಕ್ಕೆಯ ತಿಮಿಂಗಿಲ ಶಾರ್ಕ್. ಅದೂ ಅಪರೂಪಕ್ಕೆ.

ಮೊದಲು ಬೋಟ್ ಗೊತ್ತು ಮಾಡಿಕೊಳ್ಳಿ. ‘ಡಾಲ್ಫಿನ್ ಕಾಣದಿದ್ದರೆ ದುಡ್ಡು ವಾಪಸ್’ ಎನ್ನುವ ಬೋಟುಗಳು ಇದಕ್ಕೆ ಆಗಿಬರುವುದಿಲ್ಲ. ಅವು ದಡದ ಹತ್ತಿರವೇ ಸುತ್ತುತ್ತವೆ, ಕಂಡ ಪ್ರಾಣಿಯ ಬೆನ್ನು ಹತ್ತುತ್ತವೆ. ಗ್ರಾಂಡೆ ದ್ವೀಪದಾಚೆಗೂ ಹೋಗಲು ಒಪ್ಪುವ, ದಿನದ ಬಾಡಿಗೆಯ ಬೋಟ್ ಹುಡುಕಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಮಳೆಗಾಲ ಮುಗಿಯುವ ತನಕ ಸಮುದ್ರವೂ ಒರಟು. ಅಕ್ಟೋಬರ್ ನಂತರವೇ ಸರಿ.

ಹೊರಡುವ ಮುನ್ನ ವಾಸ್ಕೊ ಜೆಟ್ಟಿಯಲ್ಲೊಮ್ಮೆ ವಿಚಾರಿಸಿ. ಕಾರವಾರ, ಅಂಕೋಲಾ ಕಡೆಯವರು ಯಾರಾದರೂ ಸಿಕ್ಕರೆ ಕನ್ನಡದಲ್ಲೇ ಮಾತಾಗುತ್ತದೆ. “ಅಣ್ಣಾ, ಈ ವಾರ ತಾರ್ಲೆ ಎಲ್ಲಿ ಸಿಗ್ತಾ ಇದೆ? ಹಕ್ಕಿ ಎಲ್ಲಿ ಕೂತಿದ್ವು?” ಎಂದು ಕೇಳಿ. ತಾರ್ಲೆ ಎಂದರೆ ಬೂತಾಯಿ ಮೀನು. ಪ್ಲಾಂಕ್ಟನ್ ಇರುವಲ್ಲಿ ಸಣ್ಣ ಮೀನು, ಸಣ್ಣ ಮೀನಿದ್ದಲ್ಲಿ ಹಕ್ಕಿ. ಶಾರ್ಕ್ ಬಲೆಗೆ ಬಿದ್ದಿತ್ತಾ ಎಂದು ಮಾತ್ರ ಕೇಳಬೇಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. 2001ರಿಂದ ತಿಮಿಂಗಿಲ ಶಾರ್ಕ್ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಂದರೆ ಹುಲಿ ಕೊಂದಷ್ಟೇ ಗಂಭೀರ ಅಪರಾಧ.

ನೀರಿನ ಮೇಲೆ ದೊಡ್ಡದೇನೋ ಕಂಡಿತು ಎನ್ನಿ. ಉಸಿರಿನ ಕಾರಂಜಿ ಎದ್ದರೆ ಅದು ತಿಮಿಂಗಿಲ. ಬಾಲ ನೆಟ್ಟಗೆ ನಿಂತು ಎಡಬಲಕ್ಕೆ ಬೀಸಿದರೆ ಮೀನು. ಅಗಲ ಚಪ್ಪಟೆ ತಲೆ, ಬೆನ್ನುದ್ದಕ್ಕೂ ಏಣು, ಚುಕ್ಕೆ ಇದ್ದರೆ ಅನುಮಾನವೇ ಬೇಡ.

ಬೋಟನ್ನು ಅದರ ದಾರಿಗೆ ಅಡ್ಡ ನಿಲ್ಲಿಸಬೇಡಿ. ಆಸ್ಟ್ರೇಲಿಯಾದ ನಿಂಗಲೂ ತೀರದಲ್ಲಿ ಬೋಟಿಗೆ 30 ಮೀಟರ್, ಈಜುಗಾರರಿಗೆ ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ಅಂತರದ ನಿಯಮವಿದೆ. ಇಲ್ಲೂ ಅದನ್ನೇ ಪಾಲಿಸಿದರೆ ನಷ್ಟವಿಲ್ಲ. ಫ್ಲ್ಯಾಶ್ ಬೇಡ, ಮುಟ್ಟುವ ಮಾತೇ ಬೇಡ.

ಇನ್ನು ನೋಟ್‌ಬುಕ್. ನಿಜವಾದ ಕೆಲಸ ಇಲ್ಲೇ ಇರುವುದು, ಹೆಚ್ಚಿನವರು ಎಡವುವುದೂ ಇಲ್ಲೇ. ‘ಶಾರ್ಕ್ ಖುಷಿಯಾಗಿ ಆಡುತ್ತಿತ್ತು’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: ‘10.42. ಮೂತಿ ವಾಯವ್ಯಕ್ಕೆ. ಬಾಯಿ ತೆರೆದಿದೆ, ಮೇಲ್ದವಡೆ ನೀರಿನಿಂದ ಹೊರಗೆ. 10.44. ಬಾಯಿ ಮುಚ್ಚಿತು. 10.45. ಬಾಲ ಕೆಳಗಾಗಿ ಮೈ ನೆಟ್ಟಗೆ ನಿಂತಿತು, ಬಾಯಿ ತೆರೆದು ಮುಚ್ಚುತ್ತಿದೆ.’ ಕಂಡದ್ದು ಮಾತ್ರ, ಗಡಿಯಾರದ ಸಮೇತ. ಜಿಪಿಎಸ್ ಅಂಕಿ, ಅಲೆಯ ಸ್ಥಿತಿ, ಬೋಟಿನ ಉದ್ದಕ್ಕೆ ಹೋಲಿಸಿ ಮೀನಿನ ಅಂದಾಜು ಉದ್ದ, ಜೊತೆಗೆ ಅಂಟಿಕೊಂಡ ಮೀನುಗಳು, ಇಷ್ಟೂ ಇರಲಿ.

ಬಾಯಿಯ ಮೇಲೆ ಇಷ್ಟೊಂದು ಗಮನ ಏಕೆಂದರೆ, ಬಾಸ್ಕಿಂಗ್ ಶಾರ್ಕ್‌ಗೆ ನೀರು ಹೀರಲು ಬರುವುದಿಲ್ಲ. ಬಾಯಿ ತೆರೆದು ಮುಂದಕ್ಕೆ ಈಜುತ್ತಲೇ ಇರಬೇಕು. ತಿಮಿಂಗಿಲ ಶಾರ್ಕ್ ಹಾಗೆಯೂ ತಿನ್ನಬಲ್ಲದು, ನಿಂತಲ್ಲೇ ನಿಂತು ಗುಟುಕರಿಸಲೂ ಬಲ್ಲದು. ಯಾವ ಹೊತ್ತಿಗೆ ಯಾವ ರೀತಿ ಎಂಬುದು ಆಗ ಅಲ್ಲಿದ್ದ ಆಹಾರ ದಟ್ಟವೋ ವಿರಳವೋ ಎಂಬುದರ ಸುಳಿವು ಕೊಡುತ್ತದೆ. ಕೆಲವೊಮ್ಮೆ ಅದು ಕೆಮ್ಮಿದಂತೆ ನೀರು ಉಗುಳುತ್ತದೆ. ಸೋಸುವ ಅಂಗದಲ್ಲಿ ಸಿಕ್ಕಿದ್ದನ್ನು ಹೊರಹಾಕುವ ಬಗೆಯಂತೆ. ಅದನ್ನೂ ಎಣಿಸಿ.

ಫೋಟೊ ಒಂದೇ ತೆಗೆಯಲು ಸಾಧ್ಯವಾದರೆ ಎಡಮಗ್ಗುಲಿನದು ತೆಗೆಯಿರಿ, ಕಿವಿರುಗಳ ಹಿಂದಿನ ಭಾಗ. ಅಲ್ಲಿನ ಚುಕ್ಕೆಗಳ ವಿನ್ಯಾಸ ಒಂದೊಂದು ಮೀನಿಗೂ ಬೇರೆ. ಆ ಚುಕ್ಕೆಗಳನ್ನು ಹೋಲಿಸಲು ಬಳಸುವ ಲೆಕ್ಕಾಚಾರ ಮೂಲತಃ ನಕ್ಷತ್ರಗಳ ಚಿತ್ರ ಹೊಂದಿಸಲು ಖಗೋಳಜ್ಞರು ಮಾಡಿಕೊಂಡದ್ದು. ಸೆಲ್ಫಿಯಲ್ಲಿ ಹಿಂದೆ ಮಸುಕಾಗಿ ಕಾಣುವ ರೆಕ್ಕೆಯಿಂದ ಏನೂ ಸಿಗದು.

ಶಾರ್ಕ್ ಮುಳುಗಿದ ಹೊತ್ತು ಬರೆದು, ಎಂಜಿನ್ ನ್ಯೂಟ್ರಲ್‌ನಲ್ಲಿಟ್ಟು ಕಾಯಿರಿ. ಇದು 1,900 ಮೀಟರಿಗೂ ಆಳಕ್ಕೆ ಇಳಿದ ದಾಖಲೆ ಇದೆ, ಹಾಗಾಗಿ ಮೇಲೆ ಬಂದೇ ಬರುತ್ತದೆಂಬ ಭರವಸೆ ಇಲ್ಲ. ಏನೂ ಕಾಣದ ದಿನವೂ ಎಷ್ಟು ಗಂಟೆ, ಎಲ್ಲೆಲ್ಲಿ ಹುಡುಕಿದಿರಿ ಎಂಬುದನ್ನು ಬರೆಯಿರಿ. ಅದಿಲ್ಲದೆ ‘ಈ ವರ್ಷ ಜಾಸ್ತಿ ಕಂಡವು’ ಎಂಬ ಮಾತಿಗೆ ಬೆಲೆಯಿಲ್ಲ. ಬಲೆಯಲ್ಲಿ ಸಿಕ್ಕಿಕೊಂಡದ್ದೋ ದಡಕ್ಕೆ ಬಿದ್ದದ್ದೋ ಕಂಡರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಮೊದಲು ಅರಣ್ಯ ಇಲಾಖೆಗೆ ತಿಳಿಸಿ.